ಕೆಂಪುಕೋಟೆಯಲ್ಲಿ ನಿಂತ ದನಿ

ನಿಪ್ಪಾಣಿಯ ಸಮಾಧಾನ ಕಾಂಬಳೆ ಹನ್ನೊಂದು ವರ್ಷ ಜನರಿಗೆ ದಿಲ್ಲಿ ತೋರಿಸಿದ. ರಾವಸಾಹೇಬರ ಟ್ರಾವೆಲ್ಸಿನಲ್ಲಿ ಅವನದು ಅದೇ ನೌಕರಿ. ಬೋರಗಾಂವ, ಉಗಾರ, ರಾಯಬಾಗದ ಕಡೆಯ ನಲವತ್ತು ಮಂದಿಯನ್ನು ಮಿರಜದಲ್ಲಿ ರೈಲು ಹತ್ತಿಸಿ, ಕೆಂಪುಕೋಟೆ, ಕುತುಬ್ ಮಿನಾರ್, ಹುಮಾಯೂನನ ಗೋರಿ, ಮ್ಯೂಸಿಯಂ ಎಲ್ಲ ತೋರಿಸಿ ಊರು ಮುಟ್ಟಿಸುತ್ತಿದ್ದ. ಒಂದು ಮಾತು ಕನ್ನಡದಲ್ಲಾದರೆ ಮತ್ತೊಂದು ಮರಾಠಿಯಲ್ಲಿ. ಮೈಕು ಬೇಕಿರಲಿಲ್ಲ, ಅಂಥ ಗಂಟಲು.

ಹೆಂಡತಿ ಸರಿತಾ ಮಾತ್ರ ದಿಲ್ಲಿ ಕಂಡವಳಲ್ಲ. ಅವಳು ಬೀಡಿ ಕಟ್ಟುತ್ತ ಕೂತಿರುವಾಗ ಅವನು ಎದುರಿಗೆ ಅಡ್ಡಾಡುತ್ತ, ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡುತ್ತಿದ್ದ. ಅವಳ ದಿಲ್ಲಿ ಅಷ್ಟೇ.

"ಒಂದ್ ಸಲ ನನ್ನೂ ಕರ್ಕೊಂಡ್ ಹೋಗ್ರಿ."

"ಸೀಟ್ ಖಾಲಿ ಉಳೀಲಿ, ನೋಡೂಣು."

ಸೀಟು ಎಂದೂ ಖಾಲಿ ಉಳಿಯಲಿಲ್ಲ. ೨೦೧೪ರ ಫೆಬ್ರುವರಿಯಲ್ಲಿ ಅವನಾಗಿಯೇ "ಈ ಸಲ ನೀನೂ ಬಾ" ಎಂದ. ನಾಲ್ಕು ತಿಂಗಳಿಂದ ಅವನ ದನಿ ಒಡೆದಿತ್ತು. ಸರಿತಾ ಶುಂಠಿ ಕಷಾಯ ಮಾಡಿ ಕೊಡುತ್ತಿದ್ದಳು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದನ್ನು ಅವನು ಮುಚ್ಚಿಟ್ಟಿದ್ದ. ಅವಳು ಹಿಗ್ಗಿನಿಂದ ಹೊಸ ಸೀರೆ ಉಟ್ಟು ಹೊರಟಳು.

ಕೆಂಪುಕೋಟೆಯೊಳಗೆ, ಬಾದಶಹನ ದರ್ಬಾರಿನ ಕಂಬಗಳ ನಡುವೆ ನಿಂತು ಅವನು ಬಾಯಿ ತೆರೆದ. ಬರೀ ಗಾಳಿ ಬಂತು.

"ಏನಂದಿ ತಮ್ಮಾ? ಕೇಳಸವಲ್ದು," ಎಂದಳು ಬೋರಗಾಂವದ ಮುದುಕಿ ಚನ್ನವ್ವ.

"ಬಾಯಿಲ್ಲದಾಂವನ್ನ ಯಾಕ್ ಕಳಿಸ್ಯಾರ?" ಎಂದು ಹಿಂದಿನಿಂದ ಯಾರೋ ಗೊಣಗಿದರು.

ಮತ್ತೆ ಪ್ರಯತ್ನಿಸಿದ. ಕೆಮ್ಮು ಬಂತು. ಬಾಯಿಗೆ ಹಿಡಿದ ಕರವಸ್ತ್ರದಲ್ಲಿ ರಕ್ತ ಕಂಡು ಸರಿತಾ ಮಂದಿಯನ್ನು ಸರಿಸಿ ಮುಂದೆ ಬಂದಳು. ಅವನು ಅದನ್ನು ಕಿಸೆಗೆ ತುರುಕಿ, ಕಾಯುತ್ತಿದ್ದ ಮಂದಿಯನ್ನು ನೋಡಿದ; ಆಮೇಲೆ ಅವಳನ್ನು. ನೀ ಹೇಳು ಎಂದು ಕೈಮಾಡಿದ.

ಅವಳು ಸೆರಗು ಹೊದ್ದು ಶುರು ಮಾಡಿದಳು. "ಬಾದಶಹಾ ಅಲ್ಲಿ ಮ್ಯಾಲ ಕುಂಡರ್ತಿದ್ದ್ರಿ. ಮಂದಿ ಇಲ್ಲಿ ನಿಂತು ತಮ್ಮ ಗೋಳು ಹೇಳ್ಕೋತಿದ್ರು..." ಮಾತೆಲ್ಲ ಗೊತ್ತಿತ್ತು, ಜಾಗ ಗೊತ್ತಿರಲಿಲ್ಲ. ಸಿಂಹಾಸನವೆಂದು ಹೊರಗಿನ ಅಂಗಳದ ಕಡೆ ತೋರಿಸಿದಾಗ ಸಮಾಧಾನ ಅವಳ ಮೊಣಕೈ ಹಿಡಿದು ಮೆಲ್ಲಗೆ ತಿರುಗಿಸಿದ.

ಮೂರು ದಿನ ಹೀಗೇ ನಡೆಯಿತು. ಎಲ್ಲಿ ಹೋದರೂ ಅವಳ ಕಣ್ಣು ಅವನ ಬೆರಳಿನ ಮೇಲೆಯೇ. ಮ್ಯೂಸಿಯಮ್ಮಿನಲ್ಲಿ, ಬುದ್ಧನ ಅಸ್ಥಿಯ ಮುಂದೆ ಮಾತ್ರ ಅವಳು ಅವನ ಬೆರಳು ನೋಡಲಿಲ್ಲ. ಇಬ್ಬರೂ ಬೌದ್ಧರು; ಕೈಮುಗಿದು ಬಹಳ ಹೊತ್ತು ನಿಂತರು. ಹಿಂದಿನವರು ದಾಟಿಕೊಂಡು ಹೋದರು.

ಮರಳುವಾಗ, ಭೋಪಾಳ ದಾಟಿದ ಮೇಲೆ, ಅವಳ ಕಿವಿಗೆ ಬಾಯಿ ಹಚ್ಚಿ, ಡಾಕ್ಟರು ಹೇಳಿದ್ದನ್ನೆಲ್ಲ ಪಿಸುಗುಟ್ಟಿದ.

"ಮೊದಲ ಯಾಕ ಹೇಳ್ಲಿಲ್ರಿ?"

"ಹೇಳಿದ್ರ ನೀ ಬರ್ತಿರಲಿಲ್ಲ."

ಅವಳು ಕಿಟಕಿಯ ಕಡೆ ಮುಖ ಮಾಡಿದಳು. ಮಿರಜದವರೆಗೂ ಇತ್ತ ತಿರುಗಲಿಲ್ಲ.

ಮಾರ್ಚಿನಲ್ಲಿ ಆಪರೇಶನ್ ಆಯಿತು. ಆಮೇಲೆ ಒಂದೂವರೆ ವರ್ಷ ಬದುಕಿದ. ನೀರು ಬೇಕಾದರೂ ಪಾಟಿಯ ಮೇಲೆ ಬರೆಯುತ್ತಿದ್ದ. ಅವಳಿಗೆ ಓದಲು ಬಾರದು. ಪಕ್ಕದ ಮನೆಯ ನೀಲಮಳನ್ನು ಕೂಗಬೇಕಾಗುತ್ತಿತ್ತು. ಆಕೆ ಬರುವಷ್ಟರಲ್ಲಿ ಎಷ್ಟೋ ಸಲ ಅವನು ಬರೆದದ್ದನ್ನು ಅಳಿಸಿ, ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ.

ಅವನು ತೀರಿದ ಮೇಲೆ ರಾವಸಾಹೇಬರು ಬಂದರು. "ನೀನ ಹೋಗ್ತಿಯೇನವಾ ದಿಲ್ಲಿಗೆ? ಚಲೋ ಹೇಳ್ತಿ ಅಂತ ಮಂದಿ ಅಂತಾರ."

"ಅವ್ರ ಬೆರಳ ಬಿಟ್ಟು ನಾ ಏನೂ ನೋಡಿಲ್ರಿ ಸಾಹೇಬ್ರ," ಎಂದು ಸರಿತಾ ಅವರಿಗೆ ಚಹಾ ಮಾಡಲು ಒಳಗೆ ಎದ್ದುಹೋದಳು.