ಲಂಬ್ರಿನಿ ಅತ್ತಿಗೆಯ ಅಳತೆಪಟ್ಟಿ

ನನ್ನ ಅತ್ತಿಗೆ ಲಂಬ್ರಿನಿ ಮೆಸೊಲೊಂಗಿ ಎಂಬ ಊರಿನ ಕಡಲ ಹಿನ್ನೀರಿನ ನಡುವೆ, ಮರದ ಕಾಲುಗಳ ಮೇಲೆ ನಿಂತ ಗುಡಿಸಲಲ್ಲಿ ಒಬ್ಬಳೇ ಇದ್ದಾಳೆ. ಅಣ್ಣ ಥೀಮಿಯೋಸ್ ಸತ್ತ ಮೇಲೆ ದಡಕ್ಕೆ ಬಾ ಎಂದು ಕರೆದವರಿಗೆಲ್ಲ ಅವಳದು ಒಂದೇ ಉತ್ತರ: "ದಡದಲ್ಲಿ ನಂಗೆ ನಿದ್ದೆ ಬರಲ್ಲ, ನೆಲ ಅಲ್ಲಾಡೋದೇ ಇಲ್ಲ."

ಹತ್ತೊಂಬತ್ತು ವರ್ಷದಿಂದ ಅವಳಿಗೊಂದು ಕೆಲಸವಿದೆ. ಜೌಗು ಕಾಯುವ ಕಚೇರಿಯವರು ಗುಡಿಸಲ ಮುಂದಿನ ಕಾಲಿಗೆ ಹೊಡೆದಿರುವ ಅಳತೆಪಟ್ಟಿ ನೋಡಿ ದಿನಾ ಬೆಳಿಗ್ಗೆ ನೀರಿನ ಮಟ್ಟ ಬರೆಯಬೇಕು, ಜೌಗಿನಲ್ಲಿ ಮೊಟ್ಟೆಯಿಡುವ ರೀವ ಹಕ್ಕಿಗಳನ್ನು ಎಣಿಸಬೇಕು. ಒಂದು ದಿನವೂ ತಪ್ಪಿಸಿಲ್ಲ ಪುಣ್ಯಾತ್ಗಿತ್ತಿ. ಅಣ್ಣನನ್ನು ಮಣ್ಣು ಮಾಡಿದ ದಿನವೂ ಕಪ್ಪು ಬಟ್ಟೆಯಲ್ಲೇ ಬಗ್ಗಿ ನೋಡಿ ಬರೆದಳು.

ಈಸ್ಟರ್ ಕಳೆದ ವಾರ ನಾವು ಗಂಡಸರು ಸೇರಿ ಗುಡಿಸಲುಗಳನ್ನು ಎತ್ತುತ್ತೇವೆ. ಕೆಸರು ಕಾಲುಗಳನ್ನು ನುಂಗುತ್ತದೆ, ಅದಕ್ಕೆ ತೊಲೆ ಕೊಟ್ಟು ಮೀಟಿ, ಬುಡಕ್ಕೆ ಕಲ್ಲು ತುರುಕುತ್ತೇವೆ. ನೆಲದ ಹಲಗೆ ನೀರಿಗಿಂತ ಒಂದು ಗೇಣು ಮೇಲಿರಬೇಕು, ಅಜ್ಜನ ಕಾಲದ ಲೆಕ್ಕ ಅದು. ಅತ್ತಿಗೆ ಹಾವುಮೀನು ಸುಟ್ಟು ಬಡಿಸುತ್ತಿದ್ದಳು. ಮರುದಿನ ಪಟ್ಟಿ ನೋಡಿ ಹಿಗ್ಗುತ್ತಿದ್ದಳು: "ನೋಡ್ರೋ, ಹೋದ ವರ್ಷ ಎಲ್ಲಿತ್ತೋ ಅಲ್ಲೇ ಇದೆ ನೀರು!"

ಇರದೆ ಏನು? ಗುಡಿಸಲ ಜೊತೆ ಪಟ್ಟಿಯೂ ಮೇಲೇರುತ್ತಿತ್ತು. ಅದು ನಮ್ಮಲ್ಲಿ ಒಬ್ಬನ ತಲೆಗೂ ಹೊಳೆಯಲಿಲ್ಲ.

ಹೋದ ವರ್ಷ ಕಚೇರಿಯವರು ಪಾಳುಬಿದ್ದ ಉಪ್ಪಿನ ಗದ್ದೆಗಳಿಗೆ ಮತ್ತೆ ಕಡಲ ನೀರು ಬಿಟ್ಟು, ಹಕ್ಕಿಗಳಿಗೊಂದು ದಿಬ್ಬ, ದಡದಲ್ಲಿರುವ ನಮ್ಮ ಕೇರಿಯ ಮುಂದೊಂದು ಮಣ್ಣಿನ ಏರಿ ಕಟ್ಟಲು ಹೊರಟರು. ನೀರು ಇಷ್ಟು ವರ್ಷ ಮೇಲೇರಿಲ್ಲವೆಂದು ಅತ್ತಿಗೆಯ ಪುಸ್ತಕ ನೋಡಿ, ತಗ್ಗಿನ ದಿಬ್ಬ, ತಗ್ಗಿನ ಏರಿ ಸಾಕೆಂದರು. ಏರಿಯ ಮೇಲ್ತುದಿ ಎಷ್ಟು ಎತ್ತರಕ್ಕೆ ಬರುತ್ತದೆಂದು ತೋರಿಸಲು ಪಟ್ಟಿಯ ಮೇಲೆ ಕೆಂಪು ಗೆರೆ ಎಳೆದರು.

ಅದೇ ಶರತ್ಕಾಲದಲ್ಲಿ ಅತ್ತಿಗೆ ಹಳೆಯ ಕಲ್ಲಿನ ಕಟ್ಟೆಗೆ ದೋಣಿ ಕಟ್ಟಲು ಹೋದಾಗ ಹಿಂದೆ ನೀರಿನ ಮೇಲಿದ್ದ, ಹಗ್ಗ ಬಿಗಿಯುವ ಕಬ್ಬಿಣದ ಬಳೆ ಕಾಣಲಿಲ್ಲ. ಮೊಣಕೈವರೆಗೆ ನೀರಲ್ಲಿ ಕೈ ಹಾಕಿ ತಡಕಿದಾಗ ಸಿಕ್ಕಿತಂತೆ. ಕಲ್ಲನ್ನು ಯಾರೂ ಎತ್ತಿರಲಿಲ್ಲವಲ್ಲ. ಮೇಲೆ ಬಂದದ್ದು ಕಡಲೋ, ಕುಸಿದದ್ದು ಕೆಸರೋ, ಅಂತೂ ಅವಳ ಪುಸ್ತಕ ಸುಳ್ಳಾಗಿತ್ತು. ಆವತ್ತೇ ಕಚೇರಿಯ ಇವಾಂಥಿಯಾಳನ್ನು ಕರೆಸಿದಳು.

"ಮಗಳೇ, ಕೆಲಸ ನಿಲ್ಸು. ಇವರು ವರ್ಷಾವರ್ಷ ಮನೆ ಎತ್ತಿದಾರೆ. ಎಷ್ಟು ಎತ್ತಿದಾರೆ ಅಂತ ನಂಗೊತ್ತಿಲ್ಲ, ಈ ಅರ್ಗೀರಿಗೆ ಗೊತ್ತು. ಹೇಳೋ!"

ಅರ್ಗೀರಿ ಎಂದರೆ ನಾನೇ. ವರ್ಷಕ್ಕೆ ಎರಡೆರಡು ಬೆರಳು, ಹತ್ತೊಂಬತ್ತು ಸಲ. ಕಲ್ಲು ತುರುಕಿದವನು ನಾನು, ಕಲ್ಲುಗಳೆಲ್ಲ ಕೆಸರಿನೊಳಗೆ ಹೂತು ಹೋಗಿದ್ದವು, ನನ್ನ ಮಾತು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಆದರೆ ಏರಿಯ ಹಿಂದಿನ ಮೊದಲ ಮನೆ ನನ್ನದು. ಕೆಲಸ ಈಗ ನಿಂತರೆ ಮತ್ತೆ ಶುರುವಾಗುವುದು ಯಾವ ಕಾಲಕ್ಕೋ ಎಂಬ ಹೆದರಿಕೆ ನನಗೆ.

"ಒಂದೆರಡು ಸಲ ಸ್ವಲ್ಪ ಎತ್ತಿರಬಹುದು ಮೇಡಂ, ಅಷ್ಟೇ," ಎಂದೆ. ಅಷ್ಟಕ್ಕೇ ಸುಮ್ಮನಿದ್ದೆನೇ? "ಅಣ್ಣ ಹೋದಮೇಲೆ ಅತ್ತಿಗೆಗೆ ಸ್ವಲ್ಪ ಮರೆವು."

ಅತ್ತಿಗೆ ನನ್ನ ಮುಖ ನೋಡಿ, ಪುಸ್ತಕ ಮುಚ್ಚಿ ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಚಳಿಗಾಲದಲ್ಲಿ ತಗ್ಗಿನ ಏರಿಯೇ ಮುಗಿಯಿತು. ಈ ಈಸ್ಟರಿಗೆ ನಾವು ತೊಲೆ ಹೊತ್ತು ಹೋದರೆ ಬಾಗಿಲಲ್ಲೇ ಅಡ್ಡ ನಿಂತಳು. "ನನ್ ಮನೆ ಯಾರೂ ಮುಟ್ಟಬೇಡಿ. ಈ ಸಲ ನಿಜ ಬರೀತೀನಿ."

"ಒಳಗೆ ನೀರು ಬರುತ್ತೆ ಅತ್ತಿಗೆ!"

"ಬರ್ಲಿ. ನನ್ ಮನೆಗಾದ್ರೂ ಗೊತ್ತಾಗಿ ಬರುತ್ತೆ, ನಿಮ್ಮನೆಗೆ ಗೊತ್ತಾಗ್ದೆ ಬರುತ್ತೆ."

ಮೇ ತಿಂಗಳಲ್ಲಿ, ಗಾಳಿ ಇಲ್ಲ, ಮಳೆ ಇಲ್ಲ, ನೀರು ಹೊಸ ದಿಬ್ಬ ಹತ್ತಿ, ಅದರ ಮೇಲಿನ ರೀವದ ಮೊಟ್ಟೆಗಳು ತೇಲಿಕೊಂಡು ಬಂದವು. ಅತ್ತಿಗೆ ದೋಣಿಯಲ್ಲಿ ಕೂತು ಒಂದೊಂದೇ ಎತ್ತಿ ಎಣಿಸಿದಳು, ಇನ್ನೂರ ಹನ್ನೊಂದು. ಮಾರನೆಯ ದಿನವೇ ನಾನು ಕಚೇರಿಗೆ ಹೋಗಿ ಎಲ್ಲ ಒದರಿಬಿಟ್ಟೆ. ಇವಾಂಥಿಯಾ ಬಿಳಿಚಿಕೊಂಡಳು. "ಯಂತ್ರಗಳೆಲ್ಲ ಹೊರಟುಹೋದ್ವು ಅರ್ಗೀರಿಯವರೇ. ಏರಿ ಎತ್ತರಿಸೋಕೆ ಇನ್ನು ಮುಂದಿನ ಬೇಸಿಗೆಯೇ," ಎಂದಳು.

ನಿನ್ನೆ ಬೆಳಿಗ್ಗೆ ಬ್ರೆಡ್ಡು ಕೊಡಲು ಹೋದೆ. ಅಕ್ಟೋಬರ್ ಕೊನೆ, ಹುಣ್ಣಿಮೆಯ ಮರುದಿನ. ಅತ್ತಿಗೆ ಮಂಚದ ಮೇಲೆ ಕಾಲು ಮಡಿಸಿ ಕೂತಿದ್ದಳು, ಅವಳ ಚಪ್ಪಲಿ ಕೋಣೆಯ ನಡುವೆ ತೇಲುತ್ತಿತ್ತು.

"ಬಾ. ಕೆಂಪು ಗೆರೆಗೆ ಇನ್ನೆಷ್ಟಿದೆ ನೋಡು. ನಾನು ಮರೆವಿನವಳು, ನನ್ ಮಾತು ಯಾರು ನಂಬ್ತಾರೆ?"

ದೋಣಿಯಿಂದ ಬಗ್ಗಿ ನೀರಿಗೂ ಗೆರೆಗೂ ನಡುವೆ ಕೈ ಇಟ್ಟೆ. ನಾಲ್ಕು ಬೆರಳು ಹಿಡಿಸಿತು, ಹೆಬ್ಬೆರಳಿಗೆ ಜಾಗವಿರಲಿಲ್ಲ.

ಅತ್ತಿಗೆ ಬಾಗಿಲಿಗೆ ಬಂದು ಪುಸ್ತಕ, ಪೆನ್ನು ಚಾಚಿದಳು. "ಬರಿ. ಕೆಳಗೆ ನಿನ್ ಹೆಸರೂ ಹಾಕು."

ಬರೆದೆ. ಏರಿಯ ಹಿಂದೆ ನನ್ನ ಮನೆಯ ಹೊಗೆ ನೆಟ್ಟಗೆ ಮೇಲೇಳುತ್ತಿತ್ತು. ಗಾಳಿಯೇ ಇರಲಿಲ್ಲ. ನಮ್ಮಲ್ಲಿ ಕಡಲನ್ನು ಹಿನ್ನೀರಿಗೆ ನೂಕುವ ದಕ್ಷಿಣದ ಗಾಳಿ ಏಳುವುದು ನವೆಂಬರಿನಲ್ಲಿ.