ಕಾಲುವೆ ದಂಡೆಗೆ ನಾನು ಮಾಡಿಸಿದ ಕ್ಷೌರ

ಆ ಭಾನುವಾರ ನಮ್ಮ ವಾಕಿಂಗ್ ಗ್ರೂಪ್‌ನ ಹನ್ನೊಂದು ಜನ ಸಲಿಕೆ, ಗುದ್ದಲಿ ಹಿಡಿದು ಅಲ್ಲಾಳಸಂದ್ರ ಕೆರೆ ಹತ್ತಿರ ಸೇರಿದೆವು.

ಮಳೆನೀರು ಕೆರೆಗೆ ಇಳಿಯುವ ಕಾಲುವೆಯ ದಂಡೆ ತುಂಬಾ ಹುಲ್ಲು, ಪೊದೆ. ಇದು ಅಸಹ್ಯ, ಬುಡಸಮೇತ ಕೀಳಬೇಕು ಅಂತ ತೀರ್ಪು ಕೊಟ್ಟ ಮಹಾನುಭಾವ ನಾನೇ.

ಅಷ್ಟೊತ್ತಿಗೆ ಮುನಿಯಮ್ಮ ಬಂದ್ರು. ಹಳೇ ಊರಿನವರು, ಎರಡು ಹಸು ಸಾಕಿದ್ದಾರೆ, ನಮ್ಮನೆಗೆ ಹಾಲು ಅವರದ್ದೇ. ಆ ದಂಡೆಯ ಹುಲ್ಲೇ ಅವರ ಹಸುಗಳ ಮೇವು.

"ಸಾರ್, ಬೇರ್ ಕೀಳ್ಬೇಡಿ. ನಾನು ಮೇಲ್ಮೇಲೆ ಕುಯ್ಕೊಂಡೋಯ್ತೀನಿ. ಮಣ್ಣು ಇಡ್ಕೊಂಡಿರೋದೇ ಆ ಉಲ್ಲು."

ನಾನು ಬಿಡ್ತೀನಾ? ಸ್ವಚ್ಛತೆ, ಸೊಳ್ಳೆ, ನಾಗರಿಕ ಪ್ರಜ್ಞೆ, ಮೂರರ ಮೇಲೂ ಭಾಷಣ ಬಿಗಿದೆ.

ಅವರು ಪೂರ್ತಿ ಕೇಳಿಸ್ಕೊಂಡು, "ಓದಿರೋರು ನೀವು" ಅಂದು ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ್ರು. ನಾನದನ್ನ ಮೆಚ್ಚುಗೆ ಅಂದ್ಕೊಂಡೆ...

ಹತ್ತು ಗಂಟೆಗೆಲ್ಲ ದಂಡೆ ಮದುವೆ ಗಂಡಿನ ಗಲ್ಲದ ಹಾಗೆ ನುಣ್ಣಗಾಯ್ತು. ಫೋಟೋ ತೆಗೆಸ್ಕೊಂಡ್ವಿ.

ಗುರುವಾರ ಮಳೆ ಬಂತು. ಒಂದೇ ಗಂಟೆ.

ಶುಕ್ರವಾರ ಬೆಳಗ್ಗೆ ಹೋಗಿ ನೋಡಿದ್ರೆ ದಂಡೆ ಅರ್ಧಕ್ಕರ್ಧ ಕುಸಿದಿದೆ. ಮಣ್ಣೆಲ್ಲ ಕೊಚ್ಚಿಕೊಂಡು ಹೋಗಿ ಕೆರೆ ಬಾಯಲ್ಲಿ ಕೆಂಪು ದಿಬ್ಬ ಕಟ್ಟಿದೆ. ಒಳಗೆ ಹೋಗೋಕೆ ದಾರಿ ಸಿಗದ ನೀರು ನಮ್ಮ ವಾಕಿಂಗ್ ದಾರಿ ಮೇಲೆ ವಿಶ್ರಾಂತಿ ತಗೋತಿದೆ.

ಕೆರೆಗೆ ಹೂಳು ತುಂಬಿಸ್ತಿದ್ದಾರೆ ಅಂತ ವರ್ಷಗಟ್ಟಲೆ ಊರಿಗೆಲ್ಲ ಬೈದವನು ನಾನು. ಈ ಸಲದ ಲೋಡನ್ನ ಕೈಯಾರೆ ಡೆಲಿವರಿ ಮಾಡಿದ್ದೆ.

ಅವತ್ತು ಹಾಲು ಬಂದಾಗ ನಾನು ಬಚ್ಚಲುಮನೆ ಸೇರ್ಕೊಂಡೆ. ಶನಿವಾರನೂ.

"ಮೇವು ಸಾಲ್ತಿಲ್ವಂತೆ, ಇವತ್ತು ಅರ್ಧ ಲೀಟರೇ ಕೊಟ್ಟಿದ್ದು," ಅಂದಳು ಹೆಂಡತಿ. "ನಿಮಗೆ ಹೇಳ್ಬೇಡ ಅಂದ್ರು, ಸಾರ್ ನೊಂದ್ಕೋತಾರೆ ಅಂತ."

ಬೈದಿದ್ರೆ ಚೆನ್ನಾಗಿರ್ತಿತ್ತು.

ಭಾನುವಾರ ಒಬ್ಬನೇ ಹೋದೆ. ಮುನಿಯಮ್ಮ ಎಲ್ಲಿಂದಲೋ ಬೇರುಸಮೇತ ಗರಿಕೆ ತಂದು, ಉಳಿದ ದಂಡೆಗೆ ಗೇಣಿಗೊಂದರಂತೆ ನೆಡ್ತಾ ಕೂತಿದ್ದಾರೆ. ಕ್ಷಮೆ ಕೇಳೋಣ ಅಂತ ಗಂಟಲು ಸರಿಮಾಡ್ಕೊಂಡೆ.

"ಭಾಷಣ ಆಮೇಲ್ ಮಾಡೀರಂತೆ. ಆ ಬುಟ್ಟಿ ಇತ್ಲಾಗ್ ಕೊಡಿ ಸಾರ್."

ಕೊಟ್ಟೆ. ಬಿಸಿಲೇರುವವರೆಗೂ ಅವರು ತೋರಿಸಿದ ಕಡೆ ನೆಟ್ಟೆ. ನಾನು ನೆಟ್ಟಿದ್ದರಲ್ಲಿ ಅರ್ಧ ಅವರು ಕಿತ್ತು ಸರಿಯಾಗಿ ನೆಟ್ರು.

ಗ್ರೂಪ್‌ನ ಡಿಪಿಯಲ್ಲಿ ಮಾತ್ರ ಇನ್ನೂ ನಾನೇ ಇದ್ದೀನಿ, ಬೋಳು ದಂಡೆ ಮುಂದೆ ಸಲಿಕೆ ಎತ್ತಿ ಹಲ್ಲು ಬಿಡ್ತಾ... ತೆಗೀರಿ ಅಂದ್ರೆ ಯಾಕೆ ಅಂತ ಕೇಳ್ತಾರೆ, ಏನ್ ಹೇಳ್ಲಿ?