ಫ್ಯೂಸ್ ಕಿಸೆಗೆ ಹಾಕಿಕೊಂಡವನು

ಅಮದಳ್ಳಿಯ ನಮ್ಮ ಹಿತ್ತಲಿನ ಪಂಪಿಗೆ ಕರೆಂಟು ಎಳೆಯಲು ಬಂದ ವೈರ್‌ಮನ್ ಯಾವ ತಂತಿ ಹಿಡಿದರೂ, "ಇದು ಮಣ್ಣು ಮುಟ್ತಾ?" ಎಂದೇ ಕೇಳುತ್ತಿದ್ದ.

ಅರ್ಥಿಂಗಿಗೆಂದು ಮರಳಿನಲ್ಲಿ ಗುಂಡಿ ತೋಡುವ ಖರ್ಚು ಉಳಿಸಲು ನಾನು ಚೌಕಾಸಿಗಿಳಿದೆ. "ಅರ್ಥಿಂಗ್ ತಂತಿ ಆ ನಳದ ಪೈಪಿಗೇ ಸುತ್ತು ಮಾರಾಯಾ. ಅದೂ ಕಬ್ಬಿಣವೇ."

ಅವನು ಪೈಪಿನ ಬುಡ ಬಗೆದ. ಗೇಣುದ್ದ ಕೆಳಗೆ ಕಬ್ಬಿಣ ಮುಗಿದು ಪ್ಲಾಸ್ಟಿಕ್ ಶುರುವಾಗಿತ್ತು.

ಅದೇ ನಳದಲ್ಲಿ ಮೀನು ತೊಳೆಯುತ್ತಿದ್ದ ನನ್ನ ಹೆಂಡತಿಯನ್ನು ತೋರಿಸಿದ. "ಪಂಪು ಕೆಟ್ಟ ದಿನ ಕರೆಂಟು ಮಣ್ಣಿಗೆ ಹೋಗೂದಿಲ್ಲ ಅಣ್ಣಾ, ವೈನಿ ಕೈಗೆ ಬರ್ತದೆ." ಫ್ಯೂಸ್ ಕಿತ್ತು ಕಿಸೆಗಿಳಿಸಿದ. "ಗುಂಡಿ ಆಗೂವರೆಗೆ ಇದು ನನ್ನ ಹತ್ರ."

ಹಸಿ ಮಣ್ಣು ಸಿಗುವವರೆಗೆ ಗುಂಡಿ ತೋಡಿಸಿ, ಅರ್ಥಿಂಗ್ ಸಲಾಕೆ ಊರಿದ ಮೇಲೆಯೇ ಫ್ಯೂಸ್ ಹೊರಬಂತು.

ವೈರಿನ ದರಕ್ಕೆ ನಾನು ಈಗಲೂ ಚೌಕಾಸಿ ಮಾಡುತ್ತೇನೆ, ನೀವೂ ಮಾಡಿ. ಗುಂಡಿಯ ಆಳಕ್ಕೆ ಮಾತ್ರ ಬೇಡ.